ಕುಣಿಯುವವರ ಚಪ್ಪಲಿ

ಹೈಸ್ಕೂಲಿನ ಡ್ಯಾನ್ಸ್ ಅಂದರೆ ಊರಿನಲ್ಲಿರುವ ನೆಂಟರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಮೈಸೂರಿನ ನನ್ನ ಅತ್ತಿಗೆಯಂತೂ ಫೋನಿನಲ್ಲಿ ದನಿ ತಗ್ಗಿಸಿ, "ಅಲ್ವೇ ಶಕುಂತಲಾ, ಆರವ್‌ನ ಅಂಥ ಕಡೆಗೆಲ್ಲ ಕಳಿಸ್ತೀಯಾ?" ಎಂದು ಕೇಳಿದ್ದುಂಟು. ಅದು ಎಂಥ ಕಡೆ ಎಂದು ನಾನೇ ಹೋಗಿ ನೋಡಿದವಳು. ಅಮೆರಿಕದ ಡಲ್ಲಾಸ್ ಪಕ್ಕದ ಕಾಪೆಲ್‌ನ ನಮ್ಮ ಹೈಸ್ಕೂಲಿನ ಡ್ಯಾನ್ಸುಗಳಿಗೆ ಮನೆಯ ದೊಡ್ಡವರು ಸರದಿಯ ಮೇಲೆ ವಾಲಂಟಿಯರ್ ಆಗಿ ಬಂದು ನಿಲ್ಲುತ್ತಾರೆ. ಆ ಸರದಿ ಹಂಚುವ ಕೆಲಸ ಯಾರಿಗೂ ಬೇಡವಾಗಿ, ಮಗ ಆರವ್ ಒಂಬತ್ತನೇ ಕ್ಲಾಸಿಗೆ ಸೇರಿದ ವರ್ಷವೇ ನನ್ನ ತಲೆಗೆ ಬಂದು ಕೂತಿತು. ಜಿಮ್ಮಿನ ದೊಡ್ಡ ದೀಪಗಳನ್ನೆಲ್ಲ ಆರಿಸಿ, ಬಣ್ಣದ ದೀಪ ತಿರುಗಿಸಿ, ಎದೆ ನಡುಗುವ ಹಾಗೆ ಹಾಡು ಹಾಕುತ್ತಾರೆ. ಹುಡುಗ ಹುಡುಗಿ ಕೈ ಹಿಡಿದು ಕುಣಿಯುವುದು ಎಲ್ಲೋ ಒಂದೆರಡು ಹಾಡಿಗೆ ಮಾತ್ರ. ಉಳಿದ ಹೊತ್ತೆಲ್ಲ ಗುಂಪುಗುಂಪಾಗಿ ನಿಂತು ನೆಗೆಯುತ್ತಾರೆ, ಅಷ್ಟೇ. ನೆಗೆದು ಬೆವರಿ, ನೀರು ಕುಡಿದು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು, ಯಾಕೆ ಅತ್ತೆವೆಂಬುದನ್ನು ಮರೆತು ಮತ್ತೆ ನೆಗೆಯುತ್ತಾರೆ. ನನ್ನ ಮಗ ಮಾತ್ರ ನಾನು ಎದುರಿಗೆ ಬಂದರೆ ಗೋಡೆ ನೋಡುತ್ತಾನೆ, ಹೆತ್ತವಳ ಗುರುತೇ ಇಲ್ಲದವನ ಹಾಗೆ.

ಹುಡುಗಿಯರ ಚಪ್ಪಲಿಯದೇ ಒಂದು ಕಥೆ. ಡ್ರೆಸ್ಸಿನ ಬಣ್ಣಕ್ಕೆ ಹೊಂದಬೇಕೆಂದು ಅಂಗಡಿಯಿಂದ ಅಂಗಡಿಗೆ ಅಮ್ಮಂದಿರನ್ನು ಎಳೆದಾಡಿ ಕೊಂಡ ಹೈ ಹೀಲ್ಸ್‌ಗೆ ಫೋಟೋ ತೆಗೆಸಿಕೊಳ್ಳುವವರೆಗೆ ಮಾತ್ರ ಮರ್ಯಾದೆ. ಕಾಲು ನೋಯಲು ಶುರುವಾದ ಕೂಡಲೇ ಅವನ್ನು ಕಳಚಿ ಮೂಲೆಗೆ ಎಸೆದು ಬರಿಗಾಲಲ್ಲಿ ಓಡುತ್ತಾರೆ. ಕೊನೆಗೆ ದೀಪ ಹಾಕಿದಾಗ ಅಷ್ಟೂ ಹುಡುಗಿಯರು ಆ ರಾಶಿಯ ಮೇಲೆ ಬಿದ್ದು, ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕದೆ, ಗೋಳೋ ಗೋಳು.

ಸುಮಿತ್ರವ್ವ ನನ್ನ ಕಣ್ಣಿಗೆ ಸರಿಯಾಗಿ ಬಿದ್ದದ್ದು ಈ ರಾಶಿಯ ಪಕ್ಕದಲ್ಲಿ.

ಅವರು ಇಳಕಲ್ಲಿನವರು. ಮಗ ಶ್ರೀಶೈಲ್ ಪಕ್ಕದೂರು ಫಾರ್ಮರ್ಸ್ ಬ್ರಾಂಚ್‌ನಲ್ಲಿ ಅಡುಗೆಮನೆಗಳಿಗೆ ಗ್ರಾನೈಟ್ ಕಲ್ಲು ಮಾರುವ ವ್ಯಾಪಾರಸ್ಥ. ಮೊಮ್ಮಗಳು ಐಶ್ವರ್ಯಾ ನಮ್ಮ ಆರವ್‌ನ ಕ್ಲಾಸಿನವಳು. ಒಂಬತ್ತನೇ ಕ್ಲಾಸಿನಲ್ಲಿ ಅವಳು ತನ್ನ ಮೊದಲ ಡ್ಯಾನ್ಸಿಗೆ, ಸ್ಕೂಲಿನ ವರ್ಷಾರಂಭದ ಹೋಮ್‌ಕಮಿಂಗ್ ಡ್ಯಾನ್ಸಿಗೆ ಹೋಗಬೇಕೆಂದಾಗ ಶ್ರೀಶೈಲ್ ಒಂದು ಷರತ್ತು ಹಾಕಿದರು. ಮನೆಯವರು ಒಬ್ಬರು ಜೊತೆಗಿರಬೇಕು. ಶನಿವಾರ ಅವರ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಇರಬೇಕು. "ನಮ್ಮವ್ವ ಬರ್ತಾಳ್ರೀ ಮೇಡಂ, ಏನರ ಕೆಲಸ ಕೊಡ್ರಿ," ಎಂದು ನನಗೆ ಫೋನ್ ಮಾಡಿದರು. ನನಗೆ ಸಿಟ್ಟೇ ಬಂದಿತ್ತು. ಇಂಗ್ಲಿಷಿನ ಒಂದು ಅಕ್ಷರ ಬಾರದ ಅಜ್ಜಿಯನ್ನು ಆ ಗದ್ದಲದಲ್ಲಿ ಕಟ್ಟಿಕೊಂಡು ನಾನೇನು ಮಾಡಲಿ? ಒಂದು ಕುರ್ಚಿ ಹಾಕಿ ನೀರಿನ ಬಾಟಲಿಗಳ ಹತ್ತಿರ ಕೂರಿಸಿದರಾಯಿತು ಎಂದುಕೊಂಡೆ.

ಕೆಂಪು ಸೆರಗಿನ ಇಳಕಲ್ ಸೀರೆ, ಕೆಳಗೆ ಬಿಳಿಯ ಸ್ಪೋರ್ಟ್ಸ್ ಶೂ, ಭುಜಕ್ಕೊಂದು ಚೀಲ. ಹಾಗೆ ಬಂದರು. ಹಿಂದಿನ ದಿನ ಹುಡುಗಿಯರು ಎದೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಬಟ್ಟೆಯ ಸೇವಂತಿಗೆ, ಅದರಿಂದ ಮೊಣಕಾಲಿನವರೆಗೆ ರಿಬ್ಬನ್ನು, ಗೆಜ್ಜೆ ಎಲ್ಲ ಇಳಿಬಿಟ್ಟುಕೊಂಡು ಸ್ಕೂಲಿಗೆ ಹೋಗಿದ್ದರಲ್ಲ, ಅದು ಟೆಕ್ಸಾಸಿನ ಪದ್ಧತಿ. ಅದನ್ನು ನೋಡಿದ್ದ ಸುಮಿತ್ರವ್ವ ನನಗೆ ಆಡಿದ ಮೊದಲ ಮಾತೇ, "ಹುಡುಗ್ಯಾರಿಗೆ ಕಾರಹುಣ್ಣಿವಿ ಎತ್ತಿನಂಗ ಸಿಂಗಾರ ಮಾಡಿದ್ರಲ್ರೀ!" ಎಂದು. ನಗು ತಡೆಯಲಾಗಲಿಲ್ಲ. ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಸ್ವಲ್ಪ ಹೊತ್ತಿನ ಮೇಲೆ. ನೋಡುತ್ತೇನೆ, ಕುರ್ಚಿ ಖಾಲಿ. ಸುಮಿತ್ರವ್ವ ಮೂಲೆಯಲ್ಲಿ ಬಗ್ಗಿಕೊಂಡು, ಬೋರಲು ಬಿದ್ದಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ನೆಟ್ಟಗೆ ಇಡುತ್ತಿದ್ದಾರೆ. ಓಡಿಹೋದೆ.

"ಅಮ್ಮಾ, ಏನ್ ಮಾಡ್ತಿದೀರಾ? ಬಿಡಿ, ಕಂಡೋರ ಚಪ್ಪಲಿ ಎಲ್ಲ ಮುಟ್ಬೇಡಿ."

"ಚಪ್ಪಲ ಬೋರಲ ಬಿದ್ರ ಮನ್ಯಾಗ ಜಗಳ ಹತ್ತತಾವ್ರೀ," ಎಂದರು ತಲೆಯೆತ್ತದೆ. "ಇಷ್ಟೂ ಮನಿಯಾಗ ಇವತ್ತ ಜಗಳ ಆಗಬೇಕೇನು?"

ನಾನೂ ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಎಲ್ಲ ನೆಟ್ಟಗಾದ ಮೇಲೆ ಅವರಿಗೆ ಜೋಡಿ ಮಾಡುವ ಹುಕಿ ಬಂತು. ಜೋಡಿ ಆದಮೇಲೆ ಕಟ್ಟಿಡುವ ಹುಕಿ. ಚೀಲದಿಂದ ಖಣದ ಬಟ್ಟೆಯ ಚೂರು ತೆಗೆದರು. ಗುಳೇದಗುಡ್ಡದ ಖಣ, ಕುಪ್ಪಸ ಹೊಲಿದು ಉಳಿದದ್ದು. ಒಂದರ ಹಾಗೆ ಇನ್ನೊಂದಿಲ್ಲ. ಉದ್ದಕ್ಕೆ ಒಂದು ಪಟ್ಟಿ ಹರಿದು ಎರಡು ಮಾಡಿ, ಒಂದರಿಂದ ಚಪ್ಪಲಿ ಜೋಡಿ ಕಟ್ಟಿ, ಇನ್ನೊಂದನ್ನು ಅದನ್ನು ಕಳಚಿಟ್ಟ ಹುಡುಗಿಯ ಮಣಿಕಟ್ಟಿಗೆ ಕಟ್ಟಿಬಿಟ್ಟರು. ಬಟ್ಟೆಗೆ ಬಟ್ಟೆ ತಾಳೆಯಾದರೆ ಚಪ್ಪಲಿ ನಿನ್ನದು. ಟೋಕನ್ನೂ ಬೇಡ, ಭಾಷೆಯೂ ಬೇಡ.

ಮುಂದಿನ ಡ್ಯಾನ್ಸಿನ ಹೊತ್ತಿಗೆ ಹುಡುಗಿಯರು ತಾವೇ ಹುಡುಕಿಕೊಂಡು ಬರತೊಡಗಿದರು. ಸ್ಕೂಲಿನವರು ಒಂದು ಉದ್ದನೆಯ ಮೇಜು ಕೊಟ್ಟರು. ಕರಿಯರು, ಬಿಳಿಯರು, ಮೆಕ್ಸಿಕನ್ನರು, ನಮ್ಮವರು, ಎಲ್ಲರ ಬಾಯಲ್ಲೂ ಅವರು 'ಅಜ್ಜಿ'ಯೇ ಆದರು. ಡ್ಯಾನ್ಸು ಮುಗಿದರೂ ಖಣದ ಪಟ್ಟಿಯನ್ನು ಹುಡುಗಿಯರು ಬಿಚ್ಚುತ್ತಿರಲಿಲ್ಲ. ಸೋಮವಾರ ಸ್ಕೂಲಿನಲ್ಲೂ ಕೈಯಲ್ಲಿ ಅದೇ ಇರುತ್ತಿತ್ತಂತೆ.

ಆ ಮೇಜಿನ ಹಿಂದೆ ಸುಮಿತ್ರವ್ವನ ಪಕ್ಕದ ಕುರ್ಚಿಯಲ್ಲಿ ಐಶ್ವರ್ಯಾ. ಹುಡುಗಿ ಚೆಲುವೆ, ಮಾತು ಕಮ್ಮಿ. ಪ್ರತಿ ಸಲವೂ ಒಳ್ಳೆಯ ಡ್ರೆಸ್ಸು ಹಾಕಿ, ಕೂದಲು ಒಪ್ಪ ಮಾಡಿಕೊಂಡು ಬರುವಳು. ಬಂದು ಅಜ್ಜಿಯ ಪಕ್ಕ ಕೂತು ಪಟ್ಟಿ ಹರಿದು ಕೊಡುವಳು, ಅಜ್ಜಿಯ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವಳು. ಗೆಳತಿಯರು ಕರೆದರೆ "ಯು ಗೈಸ್ ಗೋ, ಐ ವಿಲ್ ಕಮ್" ಎಂದು ನಗುವಳು. ಹೋಗುತ್ತಿರಲಿಲ್ಲ. ಎಲ್ಲರ ಚಪ್ಪಲಿಯೂ ಮೇಜಿನ ಮೇಲೆ, ಅವಳದು ಮಾತ್ರ ಅವಳ ಕಾಲಲ್ಲಿ. ಎಂಥ ಒಳ್ಳೆಯ ಹುಡುಗಿ ಎಂದು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಗೋಡೆ ನೋಡುವ ಆರವ್‌ಗೆ, "ನೋಡಿ ಕಲಿ ಆ ಐಶ್ವರ್ಯಾನ," ಎಂದು ಕಾರಿನಲ್ಲಿ ಉಗಿಯುತ್ತಿದ್ದೆ. ಹೀಗೆ ಹುಡುಗರು ಹನ್ನೆರಡನೇ ಕ್ಲಾಸಿಗೆ ಬಂದರು. ಉಳಿದದ್ದು ಏಪ್ರಿಲ್ ಕೊನೆಯ ಪ್ರಾಮ್ ಒಂದೇ. ಹೈಸ್ಕೂಲು ಮುಗಿಸುವವರಿಗೆ ಅದೇ ಕೊನೆಯ ಡ್ಯಾನ್ಸು, ಡಲ್ಲಾಸಿನ ದೊಡ್ಡ ಹೋಟೆಲಿನ ಹಾಲಿನಲ್ಲಿ.

ಪ್ರಾಮ್‌ಗೆ ಸ್ವಲ್ಪ ದಿನ ಮುಂಚೆ ಶೇಂಗಾ ಚಟ್ನಿಪುಡಿಯ ನೆಪದಲ್ಲಿ ಅವರ ಮನೆಗೆ ಹೋಗಿದ್ದೆ. ಸುಮಿತ್ರವ್ವ ಖಣದ ಪಟ್ಟಿಗಳ ಒಂದು ಗಂಟು ತಂದು ನನ್ನ ಮಡಿಲಿಗೆ ಹಾಕಿದರು.

"ಈ ಸಲ ನಾ ಬರೂದಿಲ್ರೀ ಶಕುಂತಲವ್ವ. ನೀವ ಕೂಡ್ರಿ. ನೀವ ಇರ್ತೀರಂತ ಶ್ರೀಶೈಲಗ ಹೇಳಿ ಒಪ್ಪಿಸೇನಿ."

"ಯಾಕಮ್ಮಾ? ಹುಷಾರಿಲ್ವಾ?"

"ನನಗೇನಾಗೇತಿ, ಗುಂಡುಕಲ್ಲಿನಂಗ ಅದೀನಿ. ಐಶೂನ ಸಲುವಾಗಿ." ಕೂತುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮ ತವರಮನ್ಯಾಗ ಲಗ್ನ ಅಂದ್ರ ಉಗ್ರಾಣದ ಕೀಲಿ ನನ್ನ ಕೈಯಾಗ ಕೊಡ್ತಿದ್ರು. ಸಣ್ಣ ಹುಡುಗಿ ನಾ. ಸುಮಿತ್ರಾ ಭಾಳ ಶ್ಯಾಣ್ಯಾ, ಒಂದ ಅಡಕೀನೂ ಅತ್ತಾಗಿತ್ತಾಗ ಆಗೂದಿಲ್ಲ ಅಂತಿದ್ರು. ನನಗೂ ಹೆಮ್ಮಿ. ನನ್ನ ಸ್ವಂತ ತಂಗೀ ಲಗ್ನದಾಗ ಅಕ್ಕಿಕಾಳ ಬೀಳೂ ಹೊತ್ತಿಗೆ ನಾ ಒಳಗ ಬೆಲ್ಲ ತೂಗಾಕತ್ತಿದ್ದೆ. ಗಟ್ಟಿಮ್ಯಾಳದ ಸಪ್ಪಳ ಕೇಳಿ, ಹೂಂ, ತಾಳಿ ಕಟ್ಟಿದ್ರು ಅಂತ ತಿಳಕೊಂಡೆ. ಗಂಡನ ಮನಿಗೆ ಬಂದಮ್ಯಾಲೂ ಅದ. ಹೊರಗ ಬಾ ಅಂತ ಯಾರೂ ಕರೀಲಿಲ್ಲ, ನಾನೂ ಏಳಲಿಲ್ಲ."

ನಾನು ಮಡಿಲಿನ ಪಟ್ಟಿಗಳನ್ನು ನೇವರಿಸುತ್ತ ಕೇಳಿಸಿಕೊಂಡೆ. ಅದು ನನಗೆ ಅಪರೂಪ.

"ಈಗ ನೋಡ್ರಿ, ಕುಣಿಯಾಕಂತ ಕರಕೊಂಡ ಹೋಗಿ ಆ ಕೂಸಿನ್ನ ಕಾವಲಿಗೆ ಕೂಡಿಸೇನಿ. ಅಕಿ ಅಂಜುಬುರುಕಿ. ನನ್ನ ಮಗ್ಗಲದಾಗ ಕುಂತ್ರ ಆಸರ ಆಗ್ತೈತಿ, ಅದಕ್ಕ ಏಳೂದಿಲ್ಲ. ನೀವೆಲ್ಲಾರೂ ಚಲೋ ಹುಡುಗಿ, ಚಲೋ ಹುಡುಗಿ ಅಂತೀರಿ. ಅಂದಾಗೊಮ್ಮೆ ನನಗ ಆ ಉಗ್ರಾಣದ ಕೀಲಿ ನೆನಪ ಆಗ್ತೈತಿ. ಆಗಸ್ಟದಾಗ ಆಸ್ಟಿನ್ನಿಗೆ ಕಾಲೇಜಿಗೆ ಹೋಗ್ತಾಳ. ಅಲ್ಲೂ ಹಿಂಗ ಯಾರ್ದರ ಚೀಲ ಕಾಯ್ಕೋಂತ ಕುಂತ್ರ? ಒಂದ ಹಾಡಿಗೆ ಕುಣೀಲಿ, ಸಾಕು. ಅಕಿ ಬಂದು ನಿಮ್ಮ ಮಗ್ಗಲಕ ಕೂಡಾಕ ನೋಡ್ತಾಳ. ಕೂಡಿಸಿಕೋಬ್ಯಾಡ್ರಿ. ನಾ ಮೊಣಕಾಲ ಬ್ಯಾನಿ ಅಂತ ಹೇಳತೇನಿ, ನೀವೂ ಅದನ್ನ ಹೇಳ್ರಿ."

ಆಗಲಿ ಎಂದೆ. ಆ ಮೇಜು ಬಿಟ್ಟುಕೊಡುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಈ ಊರಿನಲ್ಲಿ ಮಗನ ತಾಯಿ, ಮೊಮ್ಮಗಳ ಅಜ್ಜಿ ಅನ್ನುವುದನ್ನು ಬಿಟ್ಟು ಅವರದೇ ಎನ್ನುವ ಜಾಗ ಇದ್ದದ್ದು ಅದೊಂದೇ. ನನಗೆ ಅವರ ಮೇಲೆ ಅಂದು ಬಂದ ಪ್ರೀತಿಯನ್ನು ಇಲ್ಲಿ ಬರೆದು ತೋರಿಸಲಾರೆ.

ಪ್ರಾಮ್ ದಿನ ನಾನು ಆ ಮೇಜಿನ ಹಿಂದೆ ಕೂತೆ. ಪಕ್ಕಕ್ಕೆ ನಮ್ಮ ಇನ್ನೊಬ್ಬ ವಾಲಂಟಿಯರ್ ಮೇಧಾ, ನೀರು ಹಂಚುವುದಕ್ಕೆ. ಹುಡುಗಿಯರು ಬಂದು ನನ್ನನ್ನು ಕಂಡು, "ವೇರ್ ಇಸ್ ಅಜ್ಜಿ?" ಎಂದು ಮುಖ ಸಣ್ಣ ಮಾಡಿದರು. ಗಂಟು ಹಾಕುವುದಕ್ಕೂ ನನಗೆ ಸರಿಯಾಗಿ ಬರಲಿಲ್ಲ. ಪಾಪ, ಒಂದು ಹುಡುಗಿಯ ಕೈಗೆ ಎಷ್ಟು ಬಿಗಿಯಾಗಿ ಕಟ್ಟಿದೆನೆಂದರೆ ಮೇಧಾ ಬಂದು ಬಿಡಿಸಬೇಕಾಯಿತು.

ಐಶ್ವರ್ಯಾ ಬಂದಳು. ಗಿಳಿಹಸಿರಿನ ಉದ್ದ ಡ್ರೆಸ್ಸು, ಅದೇ ಬಣ್ಣದ ಹೀಲ್ಸು. ನೇರ ಮೇಜಿನ ಹಿಂದಕ್ಕೇ ಬಂದು, "ಐ ವಿಲ್ ಹೆಲ್ಪ್ ಯು, ಆಂಟಿ," ಎಂದು ಕುರ್ಚಿ ಎಳೆದಳು. ನಾನು ಆ ಕುರ್ಚಿಯ ಮೇಲೆ ನನ್ನ ಹ್ಯಾಂಡ್‌ಬ್ಯಾಗ್ ಇಟ್ಟೆ. ಅವಳು ನಕ್ಕು ಬ್ಯಾಗನ್ನು ಕೆಳಗಿಡಲು ಹೋದಳು. ನಾನು ಬ್ಯಾಗಿನ ಮೇಲೆ ಕೈಯಿಟ್ಟೆ.

"ಇಲ್ಲಿ ಜಾಗ ಇಲ್ಲ ಕಣಮ್ಮ. ನೀನು ಹೋಗಿ ಫ್ರೆಂಡ್ಸ್ ಜೊತೆ ಕುಣಿ."

ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಹುಡುಗಿ ಎಳೆದ ಕುರ್ಚಿಯನ್ನು ಮತ್ತೆ ಮೇಜಿಗೆ ಸೇರಿಸಿದಳು. ಆಮೇಲೆ, "ದೆನ್ ಐ ವಿಲ್ ಗೋ ಹೋಮ್," ಎಂದು ಪರ್ಸು ತೆಗೆದುಕೊಂಡಳು. "ಅಜ್ಜಿ ಇಸ್ ಅಲೋನ್. ಹರ್ ನೀಸ್ ಆರ್ ಹರ್ಟಿಂಗ್."

ನನಗೆ ಜೀವವೇ ಹಾರಿತು. ಇದೇನು, ಹೂಡಿದ್ದೊಂದು ಆಗುತ್ತಿರುವುದೊಂದು! "ಅಜ್ಜಿಗೇನಾಗಲ್ಲ, ನೀನು ಇರು. ಇಷ್ಟು ಹೆದರಿಕೊಂಡರೆ ಹೇಗೆ ಐಶ್ವರ್ಯಾ? ಎಲ್ಲ ನಿನ್ನ ಕ್ಲಾಸಿನವರೇ ತಾನೇ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ವರ್ಷದಲ್ಲಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಲ್ಲದೆ ಉತ್ತರ ಕೊಟ್ಟವಳಲ್ಲ. ಈಗ ಅವಳ ಬಾಯಿಂದ ಬಂದದ್ದು ಅಜ್ಜಿಯ ಕನ್ನಡ.

"ನಾ ಅಂಜಿ ಕೂಡ್ತಿದ್ದಿಲ್ಲ ಆಂಟಿ. ನೀವಂತೂ ಅಡ್ಡಾಡಿಕೋತ ಇರ್ತೀರಿ, ಅಜ್ಜಿಗೆ ಇಲ್ಲಿ ಬ್ಯಾರೆ ಯಾರ ಜೋಡೀನೂ ಮಾತಾಡಾಕ ಬರೂದಿಲ್ಲ. ನಾ ಎದ್ದು ಹೋದ್ರ ಅಕಿ ಒಬ್ಬಾಕೇ ಆಗ್ತಾಳ. ನನ್ನ ಸಲುವಾಗಿ ಬಂದಾಕಿನ್ನ ಬಿಟ್ಟು ನಾ ಹೆಂಗ ಕುಣೀಲಿ?"

"ನಿನಗೆ ಕುಣಿಯೋ ಆಸೆ ಇರಲಿಲ್ವಾ?"

"ಇತ್ತು," ಎಂದಳು. "ಫಸ್ಟ್ ಡೇ ಇಂದ ಇತ್ತು."

ಹೇಳಿ ಬಾಗಿಲ ಕಡೆ ತಿರುಗಿದಳು. ನನ್ನ ತಾಳ್ಮೆಯ ಆಯಸ್ಸು ಯಾವತ್ತೂ ಚಿಕ್ಕದು. ಸುಮಿತ್ರವ್ವನಿಗೆ ಕೊಟ್ಟ ಮಾತೂ ಅದರ ಜೊತೆಗೇ ಹೋಯಿತು. "ನಿಂತ್ಕೋ!" ಎಂದು ಕೂಗಿದೆ. "ಮಂಡಿನೋವೂ ಇಲ್ಲ, ಮಣ್ಣೂ ಇಲ್ಲ. ನೀನು ಕುಣೀಲಿ ಅಂತಲೇ ಅವರು ಬಂದಿಲ್ಲ. ತಾನು ಪಕ್ಕದಲ್ಲಿದ್ದರೆ ನೀನು ಏಳಲ್ಲ ಅಂತ ಬೇಕೂಂತಲೇ ಮನೇಲಿ ಕೂತಿದಾರೆ. ಈಗ ನೀನು ಹೋಗಿ ಅವರ ಮುಂದೆ ನಿಂತರೆ ಅವರ ಎದೆ ಒಡೆಯತ್ತೆ, ಗೊತ್ತಾಯ್ತಾ?"

ಹಾಡಿನ ಗದ್ದಲದಲ್ಲೂ ಮೇಧಾ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ನನ್ನ ದನಿ. ಐಶ್ವರ್ಯಾ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಮೇಜಿಗೆ ಒರಗಿ, ಒಂದು ಕಾಲೆತ್ತಿ, ಹೀಲ್ಸಿನ ಬಕಲ್ ಬಿಚ್ಚತೊಡಗಿದಳು. ಎರಡನ್ನೂ ಬಿಚ್ಚಿ ಜೋಡಿಸಿ ನನ್ನ ಮುಂದಿಟ್ಟಳು. ನಾನು ಗಂಟಿನಲ್ಲಿದ್ದ ಪಟ್ಟಿಗಳಲ್ಲಿ ಚೆಂದದ್ದನ್ನು ಹುಡುಕಿ, ಅವಳ ಕೈಗೆ ಆದಷ್ಟು ಸಡಿಲವಾಗಿ ಕಟ್ಟಿದೆ. ನನ್ನ ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಅವಳು ಹೋಗಿ ಗುಂಪಿನ ಅಂಚಿನಲ್ಲಿ ನಿಂತಳು. ಗುಂಪಿಗೆ ಅವಳು ಕಾಣಲಿಲ್ಲ. ಹಾಗೇ ಹಿಂದಕ್ಕೆ ಬಂದುಬಿಡುತ್ತಾಳೇನೋ ಎಂದು ನಾನು ಮೇಜು ಹಿಡಿದುಕೊಂಡಿದ್ದೆ. ಆಗ ಆರವ್, ನನ್ನ ಗೋಡೆ ನೋಡುವ ಪುತ್ರರತ್ನ, ನೆಗೆಯುವುದನ್ನು ನಿಲ್ಲಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಅಷ್ಟೇ ಸಾಕಾಯಿತು. ಯಾವಳೋ "ಐಶ್!" ಎಂದು ಕಿರುಚಿದಳು. ಹಸಿರು ಡ್ರೆಸ್ಸು ಆ ಗುಂಪಿನೊಳಗೆ ಹೋಯಿತು. ಪ್ರತಿಯೊಂದು ಹಾಡೂ ಅವಳಿಗೆ ಬಾಯಿಪಾಠವಾಗಿತ್ತು. ಕೂತು ಕೂತೇ ಕಲಿತಿದ್ದಳಲ್ಲ.

ಅಷ್ಟರಲ್ಲಿ ನನ್ನ ಫೋನು. ಶ್ರೀಶೈಲ್.

"ಮೇಡಂ, ಅವ್ವ ಮನ್ಯಾಗ ಕೂಡಾಕ ಒಲ್ಲೆ ಅಂದ್ಲ್ರೀ. ಅಂಗಡಿ ಬಿಟ್ಟು ಕರಕೊಂಡ ಬಂದೇನಿ. ಪಾರ್ಕಿಂಗ್‌ನ್ಯಾಗ ಅದೀವಿ, ಒಳಗೂ ಬರವಲ್ಲಳು."

ಮೇಜನ್ನು ಮೇಧಾಳಿಗೆ ಒಪ್ಪಿಸಿ ಹೊರಗೆ ಓಡಿದೆ. ಇನ್ನೂ ಬೆಳಕಿತ್ತು. ಗ್ರಾನೈಟ್ ಅಂಗಡಿಯ ವ್ಯಾನಿನ ಪಕ್ಕದಲ್ಲಿ ಸುಮಿತ್ರವ್ವ ನಿಂತಿದ್ದರು. ನನ್ನನ್ನು ಕಂಡ ಕೂಡಲೇ, "ಎದ್ಲೇನ್ರೀ?" ಎಂದರು.

"ಎದ್ದಳು. ಕುಣೀತಿದಾಳೆ. ಚಪ್ಪಲಿ ಮೇಜಿನ ಮೇಲಿದೆ."

ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಆ ಹುಡುಗಿ ಆಡಿದ ಮಾತು ನನ್ನೊಳಗೆ ಉಳಿಯುವಂಥದ್ದಾಗಿರಲಿಲ್ಲ. ಹೇಳಿಬಿಟ್ಟೆ. ಅವಳು ಹೆದರಿ ಕೂತಿದ್ದಲ್ಲ, ನಿಮಗೆ ಜೊತೆಯಾಗಲೆಂದು ಕೂತಿದ್ದಳು, ಎಂದೆ.

ಸುಮಿತ್ರವ್ವ ವ್ಯಾನಿಗೆ ಒರಗಿಕೊಂಡರು.

"ಹುಚ್ಚ ಖೋಡಿ," ಎಂದರು. "ನನಗೂ ಎದ್ದು ನೀರಿನ ಕಡೆ, ನಿಮ್ಮ ಕಡೆ ಅಡ್ಡಾಡಿ ಬರಬೇಕು ಅನಸ್ತಿತ್ತು. ನಾ ಎದ್ರ ಅಕಿ ಒಬ್ಬಾಕೇ ಆಗ್ತಾಳಂತ ನಾ ಕುಂತಿದ್ದೆ. ಇಬ್ಬರೂ ಕುಂತೇವಲ್ರೀ, ಒಬ್ಬರಿಗೊಬ್ಬರು ಕಾವಲಾ!" ನಗಲು ಹೋಗಿ ಅತ್ತರು. ಶ್ರೀಶೈಲ್ ಏನೂ ತಿಳಿಯದೆ ತಾಯಿಯ ಬೆನ್ನ ಮೇಲೆ ಕೈಯಿಟ್ಟರು.

"ಬನ್ನಿ, ಒಂದು ಸಲ ನೋಡಿ," ಎಂದೆ. ಬೇಡ ಬೇಡ ಎನ್ನುತ್ತಲೇ ನನ್ನ ಕೈ ಹಿಡಿದು ಬಂದರು.

ಹಾಲಿನ ದೊಡ್ಡ ಬಾಗಿಲಿನ ಒಂದು ರೆಕ್ಕೆ ತೆರೆದಿತ್ತು. ಅಲ್ಲಿ ನಿಂತರೆ ಎಲ್ಲ ಕಾಣುತ್ತಿತ್ತು. ನಟ್ಟನಡುವೆ ಐಶ್ವರ್ಯಾ. ಒಪ್ಪ ಮಾಡಿದ ಕೂದಲೆಲ್ಲ ಬಿಚ್ಚಿಹೋಗಿದೆ, ಮುಖ ಕೆಂಪಾಗಿದೆ, ಡ್ರೆಸ್ಸನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈ ಮೇಲೆ ಮಾಡಿ ಕುಣಿಯುತ್ತಿದ್ದಾಳೆ. ಅವಳು ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುಮಿತ್ರವ್ವ ಬಾಗಿಲ ಚೌಕಟ್ಟು ಹಿಡಿದು ನೋಡಿದರು.

ನನಗೆ ತಡೆಯಲಾಗಲಿಲ್ಲ. "ಐಶ್ವರ್ಯಾ" ಎಂದು ಕರೆಯಲು ಕೈ ಎತ್ತಿದೆ. ಸುಮಿತ್ರವ್ವ ಫಕ್ಕನೆ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಕರೀಬ್ಯಾಡ್ರಿ. ನಾ ಕಂಡ್ರ ಬಂದಬಿಡ್ತಾಳ."

ಹಾಡು ಬದಲಾಯಿತು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಸುತ್ತತೊಡಗಿದರು. ಐಶ್ವರ್ಯಾಳ ಮುಖ ಬಾಗಿಲ ಕಡೆ ತಿರುಗುವಷ್ಟರಲ್ಲಿ ಸುಮಿತ್ರವ್ವ ಮುಚ್ಚಿದ ರೆಕ್ಕೆಯ ಹಿಂದಕ್ಕೆ ಸರಿದರು. ಒಳಗಿನವರಿಗೆ ಕಾಣದ ಹಾಗೆ ಸೆರಗನ್ನೂ ಎಳೆದುಕೊಂಡರು. ಗೋಡೆಗೆ ಬೆನ್ನು ಕೊಟ್ಟು ನಿಂತು, ಮೆಲ್ಲಗೆ, "ಈಗೇನ ಮಾಡಾಕತ್ತಾಳ? ನೀವ ನೋಡಿ ಹೇಳ್ರಿ," ಎಂದರು.

"ಇನ್ನೊಬ್ಬಳ ಕೈ ಹಿಡಿದು ಸುತ್ತುತಿದಾಳೆ," ಎಂದೆ.

"ಆಮ್ಯಾಲ?"

ನಾನು ನೋಡಿ ನೋಡಿ ಹೇಳುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.